ಹಿಂದಿನ ಗಾಲಿಯ ಎಣ್ಣೆ

ಚನ್ನಗಿರಿಯ ಸರ್ವಮಂಗಳಮ್ಮನ ಮನೆಗೆ ಹಾಲು ಹಾಕುವುದೆಂದರೆ ಗಾದ್ರಮ್ಮನಿಗೆ ದಿನಾ ಪರೀಕ್ಷೆ ಬರೆದಂತೆ. ಎಮ್ಮೆಯನ್ನು ಅಂಗಳಕ್ಕೇ ಹೊಡೆದುಕೊಂಡು ಬರಬೇಕು, ಚೆಂಬು ಬೋರಲು ಹಾಕಿ ತೋರಿಸಬೇಕು, ಕರೆಯುವಷ್ಟು ಹೊತ್ತೂ ಈ ಯಜಮಾನತಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಣ್ಣು ಕೀಳದೆ ನೋಡುತ್ತಿರುತ್ತಾಳೆ. ಇಷ್ಟಾದ ಮೇಲೂ ಒಂದು ಹನಿ ಉಗುರಿನ ಮೇಲೆ ಬಿಟ್ಟುಕೊಂಡು ಬೆಳಕಿಗೆ ಹಿಡಿಯುತ್ತಾಳೆ. “ಎಮ್ಮೆನೇ ನೀರು ಕುಡ್ಕಂಡು ಬಂದೈತೆ ಕಣಮ್ಮ, ಅದಕ್ಕೆ ನಾನೇನು ಮಾಡ್ಲಿ?” ಎಂದು ಗಾದ್ರಮ್ಮ ಒಮ್ಮೆ ತಮಾಷೆಗೆ ಅಂದಳು. ಸರ್ವಮಂಗಳಮ್ಮ ನಗಲಿಲ್ಲ. ಎಮ್ಮೆಗೆ ಬೇಕೆಂದೇ ನೀರು ಕುಡಿಸಿ ತರುತ್ತಾರೇನೋ ಎಂದು ವಾರಗಟ್ಟಲೆ ಯೋಚಿಸಿದಳು.

ಅನುಮಾನ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಗಂಡ ಷಣ್ಮುಖಪ್ಪ ತೀರಿಕೊಂಡಾಗ ಮನೆಯಲ್ಲಿ ಉಳಿದದ್ದು ಮಗಳು ನಿರ್ಮಲ, ಬಾಗಿಲ ಮುಂದೆ ಒಂದು ಕಪ್ಪು ಅಂಬಾಸಿಡರ್ ಟ್ಯಾಕ್ಸಿ. ಹೆಣ್ಣು ಹೆಂಗಸು ಗಾಡಿ ಇಟ್ಟುಕೊಂಡು ಏನು ಮಾಡುತ್ತಾಳೆ, ಮಾರಿಬಿಡಲಿ ಎಂದು ಬಂದವರೆಲ್ಲ ಹೇಳಿದರು. ಹಾಗೆ ಹೇಳಿದ ಒಬ್ಬೊಬ್ಬರೂ ಕೊಳ್ಳುವವನೊಬ್ಬನನ್ನು ಜೊತೆಗೇ ಕರೆತಂದಿದ್ದರು. ಅದನ್ನು ಅವಳು ಗಮನಿಸಿದಳು. ಅಂದಿನಿಂದ ಯಾರು ಏನು ಹೇಳಿದರೂ ಅವರ ಬೆನ್ನ ಹಿಂದೆ ಯಾರು ನಿಂತಿದ್ದಾರೆ ಎಂದು ಇಣುಕುವುದು ಅಭ್ಯಾಸವಾಯಿತು. ತೊಂದರೆ ಏನೆಂದರೆ, ಎಷ್ಟೋ ಸಲ ಅಲ್ಲಿ ಯಾರಾದರೂ ನಿಂತೇ ಇರುತ್ತಿದ್ದರು. ನಾಲ್ಕು ಸಲ ನಿಜವಾದ ಅನುಮಾನ ಐದನೆಯ ಸಲ ಸುಳ್ಳಾಗಬಹುದು ಎಂದು ಯಾರಿಗೆ ತಾನೇ ಹೊಳೆಯುತ್ತದೆ?

ಅವಳು ಗಾಡಿ ಮಾರಲಿಲ್ಲ. ಗಂಡನ ಕಾಲದಿಂದ ಅದನ್ನು ಓಡಿಸುತ್ತಿದ್ದ ದುರುಗಪ್ಪನನ್ನೇ ಉಳಿಸಿಕೊಂಡಳು. ರೋಗಿಗಳು ದಾವಣಗೆರೆಗೆ, ಅಡಿಕೆ ವ್ಯಾಪಾರದವರು ಶಿವಮೊಗ್ಗಕ್ಕೆ, ಹರಕೆಯವರು ಸೂರಗೊಂಡನಕೊಪ್ಪಕ್ಕೆ, ಹೆಣ್ಣು ನೋಡುವವರು ಜಗಳೂರಿಗೆ. ಮನೆಯ ಅಕ್ಕಿಬೇಳೆ, ನಿರ್ಮಲಳ ಹೈಸ್ಕೂಲು ಎಲ್ಲ ಆ ನಾಲ್ಕು ಗಾಲಿಗಳ ಮೇಲೆಯೇ ನಡೆದವು. ದುರುಗಪ್ಪ ಕುಡಿಯುತ್ತಿರಲಿಲ್ಲ, ಬಾಡಿಗೆ ಮುಚ್ಚಿಡುತ್ತಿರಲಿಲ್ಲ, ರಾತ್ರಿ ಎಷ್ಟು ಹೊತ್ತಾದರೂ ಗಾಡಿಯನ್ನು ಮನೆ ಮುಂದೆ ತಂದು ನಿಲ್ಲಿಸಿ ಬೀಗದ ಕೈ ಕೊಟ್ಟೇ ಹೋಗುತ್ತಿದ್ದ. ಅವಳನ್ನು ಕೊರೆಯುತ್ತಿದ್ದದ್ದೂ ಇದೇ. ಇಷ್ಟು ಒಳ್ಳೆಯವನಾಗಿರುವುದರಿಂದ ಇವನಿಗೆ ಸಿಗುವುದಾದರೂ ಏನು?

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಒಂದು ಸಂಜೆ ದುರುಗಪ್ಪನ ಸೈಕಲ್ ಹ್ಯಾಂಡಲಿಗೆ ಒಂದು ಡಬ್ಬ ನೇತಾಡುತ್ತಿತ್ತು. ಬಾಯಿಗೆ ಚಿಂದಿ ತುರುಕಿತ್ತು, ಚಿಂದಿ ಕಪ್ಪಗೆ ನೆಂದಿತ್ತು.

“ಏನಪ್ಪ ಅದು?”

“ಹಳೆ ಎಣ್ಣೆ, ಅಮ್ಮಾರೆ. ಮನೆ ತೊಲೆಗೆ ಗೆದ್ದಲು ಹತ್ತೈತೆ. ಬಳಿಯಾಕೆ ಅಂತ ಜುಂಜಪ್ಪನ ಗ್ಯಾರೇಜಿನಾಗೆ ಇಸ್ಕಂಡೆ.”

ಉತ್ತರ ನೇರವಾಗಿತ್ತು. ನೇರವಾಗಿದ್ದದ್ದೇ ಅವಳ ತಲೆಗೆ ಹುಳ ಬಿಟ್ಟಿತು. ಕೇಳುವ ಮೊದಲೇ ಸಿದ್ಧವಾಗಿ ನಿಂತಂತಿದ್ದ ಉತ್ತರವನ್ನು ಅವಳು ಎಂದೂ ನಂಬಿದವಳಲ್ಲ. ಜುಂಜಪ್ಪನನ್ನು ಕೇಳಿದರೆ ಹೌದು ಅನ್ನುತ್ತಾನೆ, ಇಬ್ಬರೂ ಒಟ್ಟಿಗೆ ಟೀ ಕುಡಿಯುವವರು. ಹಾಗಾದರೆ ಎಣ್ಣೆ ಬಂದದ್ದು ಎಲ್ಲಿಂದ? ತನ್ನ ಗಾಡಿಯಿಂದ ಯಾಕಿರಬಾರದು?

ಮಾರನೆಯ ಬೆಳಿಗ್ಗೆ ದುರುಗಪ್ಪ ಬರುವ ಮೊದಲೇ ಸರ್ವಮಂಗಳಮ್ಮ ಸೆರಗು ಬಿಗಿದು ಗೋಣಿಚೀಲ ಹಾಸಿ ಗಾಡಿಯ ಹಿಂಭಾಗದಡಿ ನುಸುಳಿದಳು. ಎರಡು ಗಾಲಿಗಳ ನಡುವೆ ದಪ್ಪ ಕಬ್ಬಿಣದ ಕೊಳವೆ, ಮಧ್ಯದಲ್ಲಿ ಗಡಿಗೆಯಷ್ಟು ದಪ್ಪದ ಗುಂಡು. ಹಿಂದಿನ ಆಕ್ಸಲ್ ಅಂದರೆ ಇದೇ, ಇದರ ಹೊಟ್ಟೆಯಲ್ಲಿ ಎಣ್ಣೆ ಇರುತ್ತದೆ ಎಂದು ಗಂಡ ಹೇಳಿದ್ದು ನೆನಪಿತ್ತು. ಕೊಳವೆಯ ಮೇಲ್ಭಾಗದಲ್ಲಿ, ಕೈ ಹಾಕಿದರಷ್ಟೇ ಸಿಗುವ ಜಾಗದಲ್ಲಿ, ಬೆರಳ ತುದಿಯಷ್ಟು ಎದ್ದು ನಿಂತ ಒಂದು ಸಣ್ಣ ಮೊಟ್ಟು ಇತ್ತು. ಅದರ ತಲೆಯಲ್ಲಿ ತೂತು, ಸುತ್ತ ಜಿಡ್ಡು. ಎಣ್ಣೆ ತೆಗೆಯುವ ಬಾಯಿ ಸಿಕ್ಕಿಬಿಟ್ಟಿತು ಅಂದುಕೊಂಡಳು.

ಬಸವಾಪಟ್ಟಣದ ಅವಳ ತವರಿನಲ್ಲಿ ಅಡಿಕೆ ಮೂಟೆ ಹೊಲಿದ ಮೇಲೆ ಹೊಲಿಗೆಯ ಗಂಟಿಗೆ ಚೊಗರು ಮೆತ್ತಿ ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದ. ಅಡಿಕೆ ಬೇಯಿಸಿ ಬೇಯಿಸಿ ಉಳಿಯುವ ಕೆಂಪು ಗಟ್ಟಿ ರಸ ಅದು. ಸುಣ್ಣ ಕಲಸಿದರೆ ಒಣಗಿ ಕಲ್ಲಾಗುತ್ತದೆ. ದಾರಿಯಲ್ಲಿ ಯಾರಾದರೂ ಮೂಟೆ ಬಿಚ್ಚಿದರೆ ಗೊತ್ತಾಗದೆ ಇರುತ್ತಿರಲಿಲ್ಲ. ಸರ್ವಮಂಗಳಮ್ಮನೂ ಹಾಗೇ ಮಾಡಿದಳು. ಹತ್ತಿ, ಸುಣ್ಣ, ಚೊಗರು ಕಲಸಿ ಆ ಮೊಟ್ಟಿಗೆ ಮೆತ್ತಿ ಹೆಬ್ಬೆಟ್ಟು ಒತ್ತಿ, ಏನೂ ಆಗದವಳಂತೆ ಬಂದು ರೊಟ್ಟಿ ತಟ್ಟಿದಳು. ದುರುಗಪ್ಪನಿಗೆ ಅಂದು ಎರಡು ರೊಟ್ಟಿ ಹೆಚ್ಚೇ ಕೊಟ್ಟಳು.

ಕೆಲವು ದಿನ ಕಳೆದ ಮೇಲೆ ಗಾಡಿ ನಿಲ್ಲುವ ಜಾಗದಲ್ಲಿ, ಹಿಂದಿನ ಎಡಗಾಲಿಯ ಕೆಳಗೆ, ಅಂಗೈಯಗಲ ಎಣ್ಣೆಯ ಕಲೆ ಕಂಡಿತು. ಬಗ್ಗಿ ಕೈಯಾಡಿಸಿದಳು, ತನ್ನ ಚೊಗರಿನ ಮುದ್ರೆ ಒತ್ತಿದ್ದು ಒತ್ತಿದಂತೇ ಇತ್ತು. ಬಾಯಿ ಕಟ್ಟಿದ್ದಕ್ಕೆ ಕಳ್ಳ ಗಾಲಿಯ ಕಡೆಯಿಂದ ಕನ್ನ ಕೊರೆದಿದ್ದಾನೆ.

ದುರುಗಪ್ಪನೇ ಬಂದು, “ಅಮ್ಮಾರೆ, ಹಿಂದಿನ ಗಾಲ್ಯಾಗೆ ಎಣ್ಣೆ ಸೋರಾಕೆ ಹತ್ತೈತೆ, ಆಯಿಲ್ ಸೀಲ್ ಹೋಗಿರಬೇಕು” ಅಂದ. ಕೊಳವೆಯ ತುದಿಯಲ್ಲಿ ಎಣ್ಣೆ ಹೊರಗೆ ಬಾರದಂತೆ ತಡೆಯುವ ರಬ್ಬರ್ ಬಳೆ ಅದು. ಜುಂಜಪ್ಪ ಗಾಲಿ ಬಿಚ್ಚಿ ಹೊಸದು ಹಾಕಿದ. ವಾರದೊಳಗೆ ಮತ್ತೆ ಸೋರಿತು. ಇನ್ನೊಂದು ಹಾಕಿದ. ಈ ಸಲ ಬಲಗಾಲಿಯೂ ಒದ್ದೆಯಾಯಿತು. ಸೀಲು ಮಾರುವವನು, ಹಾಕುವವನು, ಹಾಕಿಸುವವನು ಮೂವರೂ ಸೇರಿ ತನ್ನನ್ನು ಸುಲಿಯುತ್ತಿದ್ದಾರೆ ಎಂದು ಸರ್ವಮಂಗಳಮ್ಮನಿಗೆ ಖಾತ್ರಿಯಾಯಿತು. ಆಗಿನಿಂದ ದುರುಗಪ್ಪ ಕೈ ತೊಳೆಯುವಾಗ ಅವನ ಉಗುರು ನೋಡುತ್ತಿದ್ದಳು.

ಅಷ್ಟರಲ್ಲಿ ಇದೇ ಗಾಡಿಯಲ್ಲಿ ಜಗಳೂರಿಗೆ ಹೆಣ್ಣು ನೋಡಲು ಹೋಗಿದ್ದ ಪಂಚಾಕ್ಷರಪ್ಪ, ಪೇಟೆಯ ದೊಡ್ಡ ವ್ಯಾಪಾರಸ್ಥ, ಮನೆಗೇ ಬಂದು ಕೂಗಾಡಿದ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಗಾಡಿ ಒಂದು ಕಡೆಗೆ ಎಳೆಯಿತಂತೆ, ಎತ್ತಿನ ಗಾಡಿಗೆ ಗುದ್ದುವುದು ಕೂದಲೆಳೆಯಲ್ಲಿ ತಪ್ಪಿತಂತೆ.

“ಡ್ರೈವರ್ ಬದಲಾಯಿಸಮ್ಮ, ಇಲ್ಲಾ ನಮ್ಮನ್ನ ಬಿಟ್ಟುಬಿಡು” ಅಂದು ಹೋದ.

ಸರ್ವಮಂಗಳಮ್ಮ ದುರುಗಪ್ಪನನ್ನು ಕರೆದಳು. “ಇನ್ನೊಂದು ಸಲ ಎಣ್ಣೆ ಸೋರಿದ್ರೆ ನೀನು ಬ್ಯಾರೆ ಕಡೆ ಕೆಲಸ ನೋಡ್ಕಂಡು ಬಿಡು.”

“ಗಾಡಿ ಸೋರಿದ್ರೆ ನಾನೇನು ಮಾಡ್ಲಮ್ಮ? ಎಣ್ಣೆ ನಾನು ಕುಡಿತೀನಾ?”

“ಕುಡಿತೀಯ ಅಂದೆನಾ ನಾನು?”

ಹೆಂಡತಿ ಬಂಗಾರಮ್ಮ, ಮೂರು ಮಕ್ಕಳು, ಗೆದ್ದಲು ಹತ್ತಿದ ತೊಲೆ ಎಲ್ಲ ದುರುಗಪ್ಪನೊಬ್ಬನ ಸಂಬಳದ ಮೇಲೆ ನಿಂತಿದ್ದವು. ತಲೆ ತಗ್ಗಿಸಿಕೊಂಡು ಹೋಗಿ ಗಾಡಿ ಒರೆಸಿದ.

ಎರಡು ದಿನ ಬಿಟ್ಟು ಅವಳು ಹೊನ್ನಾಳಿಗೆ, ನೆಂಟರ ಮನೆಗೆ ಎಂದು ಗಾಡಿ ಹೊರಡಿಸಿದಳು. ಹೊನ್ನಾಳಿ ಸೇರಿದ ಮೇಲಷ್ಟೇ, ಹೊಳೆ ಕಡೆ ತಿರುಗಿಸು, ಬೀರಲಿಂಗಪ್ಪನ ಶೆಡ್ಡಿಗೆ ಅಂದಳು. ಮೊದಲೇ ಹೇಳಿದರೆ ಇವನು ಸುದ್ದಿ ಮುಟ್ಟಿಸಿ ಆ ಮೆಕ್ಯಾನಿಕ್ಕನ್ನೂ ಒಳಗೆ ಹಾಕಿಕೊಂಡಾನು ಎಂಬ ಲೆಕ್ಕ. ದುರುಗಪ್ಪ ಏನೂ ಅನ್ನದೆ ತಿರುಗಿಸಿದ. ಏನೂ ಅನ್ನಲಿಲ್ಲವಲ್ಲ ಎಂದು ಅದಕ್ಕೂ ಅವಳಿಗೆ ಕಸಿವಿಸಿಯಾಯಿತು.

ಬೀರಲಿಂಗಪ್ಪ ಮಾತು ಹೆಚ್ಚು, ಕೈ ನಿಧಾನ. ಶೆಡ್ಡಿನಲ್ಲಿ ಲಾರಿಯವರು ನಾಲ್ಕೈದು ಮಂದಿ ಬೀಡಿ ಸೇದುತ್ತ ಕೂತಿದ್ದರು. ಅವನು ಗಾಲಿಯ ಒಳಬದಿಗೆ ಬೆರಳಿಟ್ಟು ಮೂಸಿದ, ಬೆರಳುಗಳ ನಡುವೆ ಉಜ್ಜಿದ. “ಬ್ರೇಕ್ ಎಣ್ಣೆ ಅಲ್ಲ, ಅದು ನೀರಿನಂಗೆ ತೆಳ್ಳಗಿರ್ತೈತೆ. ಇದು ಮಂದ, ನಾತ ನೋಡ್ರಿ. ಆಕ್ಸಲ್ ಒಳಗಿನ ಎಣ್ಣೆ. ಡ್ರಮ್ಮಿನಾಗೆ ಇಳಿದು ಬ್ರೇಕೆಲ್ಲ ನೆಂದೈತೆ. ಸದ್ಯ, ಯಾರ ಪ್ರಾಣನೂ ಹೋಗಿಲ್ಲ.”

ಬ್ರೇಕ್ ಎಣ್ಣೆಯ ಡಬ್ಬಿಯನ್ನೂ ತೆಗೆದು ನೋಡಿದ, ಅದು ತುಂಬಿಯೇ ಇತ್ತು. ಆಮೇಲೆ ಆಕ್ಸಲನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಮೇಲೆಲ್ಲ ಸುಣ್ಣದ ಪುಡಿ ಉದುರಿಸಿ, ದುರುಗಪ್ಪನಿಗೆ ನ್ಯಾಮತಿ ದಾರಿಯಲ್ಲಿ ಒಂದು ಸುತ್ತು ಹೋಗಿ ಬಾ ಅಂದ. ಸರ್ವಮಂಗಳಮ್ಮ ಹಿಂದಿನ ಸೀಟಿನಲ್ಲಿ ಹತ್ತಿ ಕೂತಳು. ದಾರಿಯಲ್ಲಿ ಇವನು ಏನಾದರೂ ಮಾಡಿಬಿಟ್ಟರೆ?

ಬಂದು ನೋಡಿದರೆ ಬಿಳಿ ಸುಣ್ಣದ ಮೇಲೆ ಮೂರು ಕಡೆ ಕಪ್ಪು ಗೆರೆ ಇಳಿದಿತ್ತು. ಎರಡೂ ಗಾಲಿಯ ಹತ್ತಿರ, ಮತ್ತೆ ಮುಂದೆ ಗುಂಡಿನ ಮೂತಿಯ ಹತ್ತಿರ.

“ಒಂದು ಸೀಲು ಕೆಟ್ರೆ ಒಂದು ಕಡೆ ಸೋರ್ಬೇಕು” ಎಂದ ಬೀರಲಿಂಗಪ್ಪ. “ಮೂರೂ ಕಡೆ ಒಂದೇ ಸಲ ಸೋರ್ತೈತೆ ಅಂದ್ರೆ ಒಳಗಿಂದ ಯಾರೋ ನೂಕ್ತಾ ಅದಾರೆ.”

‘ಯಾರೋ’ ಎಂಬ ಮಾತಿಗೆ ಸರ್ವಮಂಗಳಮ್ಮನ ಕಿವಿ ನೆಟ್ಟಗಾಯಿತು. ಅವನು ಗುಂಡಿನ ಪಕ್ಕದ ದೊಡ್ಡ ಬೋಲ್ಟಿಗೆ ಪಾನಾ ಹಾಕಿ ತಿರುಗಿಸಿದ. ಭುಸ್ ಎಂದು ಬಿಸಿ ಗಾಳಿ ನುಗ್ಗಿ ಎಣ್ಣೆ ಅವನ ಅಂಗಿಗೆಲ್ಲ ಸಿಡಿಯಿತು. ಎಣ್ಣೆ ಹಾಕುವ ಬಾಯಿ ಅದು. ಹಾಗಾದರೆ ತಾನು ಕಟ್ಟಿದ್ದು ಯಾವುದನ್ನು? ಆ ಯೋಚನೆ ಪೂರ್ತಿಯಾಗುವ ಮೊದಲೇ ಅವಳ ಮನಸ್ಸು ಹಳೆಯ ಜಾಡು ಹಿಡಿದಿತ್ತು: ಓಹೋ, ಕದ್ದದ್ದು ಇಲ್ಲಿಂದ.

ಬೀರಲಿಂಗಪ್ಪ ಮಲಗಿಕೊಂಡೇ ಕೊಳವೆಯ ಮೇಲೆ ಕೈಯಾಡಿಸಿದ. ಕೈ ನಿಂತಿತು. ಉಳಿ ತೆಗೆದುಕೊಂಡು ಕೆರೆದ. ಅಂಗೈಯಲ್ಲಿ ಕೆಂಪು ಚೂರೊಂದನ್ನು ಹಿಡಿದು ಈಚೆಗೆ ಬಂದ. ಹೆಬ್ಬೆಟ್ಟಿನ ಗೆರೆ ಅದರ ಮೇಲೆ ಇನ್ನೂ ಕಾಣುತ್ತಿತ್ತು.

“ಇದು ಉಸಿರು ಬಿಡೋ ತೂತು ಕಣ್ರಪ್ಪ. ಗಾಡಿ ಓಡಿ ಒಳಗೆ ಕಾದಾಗ ಗಾಳಿ ಇಲ್ಲಿಂದ ಹೊರಗೆ ಹೋಗ್ಬೇಕು. ಇದನ್ನ ಮುಚ್ಚಿದ್ರೆ ಆ ಗಾಳಿ ಎಣ್ಣೆನ ಎಲ್ಲಾ ಸಂದಿಂದ ಹೊರಗೆ ನೂಕ್ತೈತೆ. ಸಾವಿರ ಸೀಲು ಹಾಕಿದ್ರೂ ನಿಲ್ಲಂಗಿಲ್ಲ. ಯಾವ ಪುಣ್ಯಾತ್ಮ ಮಾಡಿದ್ದು ಈ ಕೆಲಸ?”

ಲಾರಿಯವರು ಎದ್ದು ಬಂದು ನೋಡಿ ನಕ್ಕರು. ದುರುಗಪ್ಪ ಆ ಚೂರನ್ನು ಕೈಗೆ ತೆಗೆದುಕೊಂಡ. ತಿರುಗಿಸಿ ನೋಡಿದ, ಮೂಸಿದ. ಅವಳ ಕಡೆ ಒಂದು ಸಲ, ಒಂದೇ ಸಲ ಕಣ್ಣೆತ್ತಿದ.

“ನಾನೇ ಮೆತ್ತಿದ್ದು” ಅಂದ. “ಒಳಗೆ ಧೂಳು ಹೋಗ್ತೈತೆ ಅಂತ. ಗೊತ್ತಾಗಲಿಲ್ಲ.”

“ಇಷ್ಟು ವರ್ಷ ಸ್ಟೇರಿಂಗ್ ಹಿಡಿದು ಇದು ಗೊತ್ತಿಲ್ಲೇನಲೇ?” ಎಂದು ಒಬ್ಬ ಲಾರಿಯವನು ಮೂಗು ಮುರಿದ. ದುರುಗಪ್ಪ ತಲೆ ತಗ್ಗಿಸಿ ಎಣ್ಣೆ ಒರೆಸುತ್ತ ಕೂತ.

ಚನ್ನಗಿರಿಗೆ ವಾಪಸು ಬರುವ ದಾರಿಯುದ್ದಕ್ಕೂ ಅವಳು ಕನ್ನಡಿಯಲ್ಲಿ ಅವನ ಮುಖ ಹುಡುಕಿದಳು. ತಪ್ಪು ಯಾಕೆ ಹೊತ್ತ? ಇದನ್ನು ಇಟ್ಟುಕೊಂಡು ಮುಂದೆ ಏನು ಕೇಳುತ್ತಾನೆ? ಸಂಬಳ ಹೆಚ್ಚಿಸು ಅನ್ನುತ್ತಾನೋ, ಊರೆಲ್ಲ ಹೇಳುತ್ತೇನೆ ಎಂದು ಹೆದರಿಸುತ್ತಾನೋ? ಒಬ್ಬ ಮನುಷ್ಯ ಅವಳ ಮಾನ ಉಳಿಸಿದ್ದಾನೆ ಎಂಬ ಸರಳ ಸಂಗತಿಯನ್ನು ಅಷ್ಟು ದೂರವೂ ಅವಳಿಂದ ನುಂಗಲಾಗಲಿಲ್ಲ.

ಮನೆ ಮುಂದೆ ಗಾಡಿ ನಿಲ್ಲಿಸಿ ದುರುಗಪ್ಪ ಬೀಗದ ಕೈಯನ್ನು ಕಟ್ಟೆಯ ಮೇಲೆ ಇಟ್ಟ.

“ನಾಳೆಯಿಂದ ಬರಂಗಿಲ್ಲ, ಅಮ್ಮಾರೆ.”

“ಎಣ್ಣೆ ನಿಂತೈತಲ್ಲ, ಇನ್ಯಾಕೆ?”

“ಎಣ್ಣೆದಲ್ಲ.” ಅವನು ಸೈಕಲ್ಲಿನ ಸ್ಟ್ಯಾಂಡ್ ತೆಗೆದ. “ನೀವು ಬೈದಿದ್ರೆ ಬೈಸ್ಕಂತಿದ್ದೆ. ಮೂಟೆಗೆ ಮುದ್ರೆ ಒತ್ತಿದಂಗೆ ಒತ್ತಿದ್ರಲ್ಲ, ನನ್ನನ್ನ ಕಳ್ಳ ಅಂದ್ಕಂಡು.”

“ಮತ್ತೆ ಅಲ್ಲಿ ನಾನೇ ಮೆತ್ತಿದ್ದು ಅಂತ ಯಾಕಂದೆ?” ಅವಳ ದನಿಯಲ್ಲಿ ಆಗಲೂ ವಿಚಾರಣೆಯೇ ಇತ್ತು.

“ನಿಮಗೆ ಇನ್ನೊಬ್ಬ ಡ್ರೈವರ್ ಬೇಕಲ್ಲಮ್ಮ. ಅಮ್ಮಾರು ಡ್ರೈವರ್‌ಗೆ ಹೆದರಿ ಗಾಡಿಗೆ ಮುದ್ರೆ ಹಾಕ್ತಾರೆ ಅಂತ ಸುದ್ದಿ ಆದ್ರೆ ಯಾರು ಬರ್ತಾರೆ? ನಿರ್ಮಲಮ್ಮನ ಓದು ಐತೆ.”

ಅವನು ಸೈಕಲ್ ಹತ್ತಿ ಹೋದ. ಸರ್ವಮಂಗಳಮ್ಮ ಕಟ್ಟೆಯ ಮೇಲೆ ಕೂತಳು. ಗಂಡ ಸತ್ತ ದಿನ ಯಾರು ಏನು ಎತ್ತಿಕೊಂಡು ಹೋಗುತ್ತಾರೋ ಎಂದು ಬೀಗದ ಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾವಲು ಕೂತಿದ್ದಳು, ಅಳಲು ಪುರುಸೊತ್ತೇ ಆಗಿರಲಿಲ್ಲ. ಆ ಸಂಜೆ ಅತ್ತಳು. ನಾಚಿಕೆಗೆ ಅತ್ತಳು, ಹೆದರಿಕೆಗೂ ಅತ್ತಳು. ಒಳಗಿಂದ ನಿರ್ಮಲ ಏನಾಯಿತೆಂದು ಕೇಳಿದರೆ ಹೊಗೆ ಅಂದಳು. ಒಲೆ ಇನ್ನೂ ಹಚ್ಚಿರಲಿಲ್ಲ.

ಗಾಡಿ ಬಾಡಿಗೆಯಿಲ್ಲದೆ ನಿಂತಿತು. ಮುಂದಿನ ವಾರ ತಿಪ್ಪೇರುದ್ರಸ್ವಾಮಿ ಎಂಬ ಹುರುಪಿನ ಡ್ರೈವರ್ ಹೊನ್ನಾಳಿ ಕಡೆಯಿಂದ ಕೇಳಿಕೊಂಡು ಬಂದ. ಲೈಸೆನ್ಸ್ ತೋರಿಸಿದ, ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಅವಳು ಬೀಗದ ಕೈ ತಂದು ಅವನ ಕೈಗಿತ್ತಳು.

“ನಿಮ್ಮ ಹಳೆ ಡ್ರೈವರ್ ಆಕ್ಸಲ್ಲಿನ ತೂತು ಮುಚ್ಚಿ ಗಾಡಿ ಕೆಡಿಸಿದ್ನಂತಲ್ಲಮ್ಮ” ಎಂದು ಅವನು ನಕ್ಕ. “ಹೊನ್ನಾಳಿ ತುಂಬಾ ಅದೇ ಮಾತು. ನ್ಯಾಮತಿಯಾಗೆ ಒಬ್ರು ಅವನನ್ನ ಜೀಪಿಗೆ ಇಟ್ಕಂಡಿದ್ರಂತೆ, ಅದನ್ನ ಕೇಳಿ ಬ್ಯಾಡ ಅಂದು ಕಳಿಸಿದ್ರಂತೆ. ಅಂಥ ದಡ್ಡತನ ನನ್ನ ಹತ್ರ ನಡೆಯಂಗಿಲ್ಲ ಬಿಡ್ರಿ.”

ಸರ್ವಮಂಗಳಮ್ಮ ಗಾಡಿಯ ಕಡೆ ನೋಡಿದಳು, ಮನೆಯ ಬಾಗಿಲ ಕಡೆ ನೋಡಿದಳು. ಸುಮ್ಮನಿದ್ದರೆ ನಾಳೆ ಬೆಳಿಗ್ಗೆ ಗಾಡಿ ಓಡುತ್ತದೆ.

“ಅವನಲ್ಲ, ಮೆತ್ತಿದ್ದು ನಾನು” ಎಂದಳು. “ಎಣ್ಣೆ ಕದೀತಾನೆ ಅಂತ ಮೆತ್ತಿದೆ. ಅವನು ಕದ್ದಿರಲಿಲ್ಲ.”

ತಿಪ್ಪೇರುದ್ರಸ್ವಾಮಿಯ ನಗು ಅಲ್ಲೇ ನಿಂತಿತು. ಬೀಗದ ಕೈಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದ. “ಮನ್ಯಾಗೆ ಒಂದು ಮಾತು ಕೇಳಿ ಹೇಳ್ತೀನ್ರಿ” ಎಂದು ಅದನ್ನು ಕಟ್ಟೆಯ ಮೇಲಿಟ್ಟು ಚಪ್ಪಲಿ ಮೆಟ್ಟಿದ.

ಅವನು ಬೀದಿಗೆ ಇಳಿಯುವಾಗ ಅವಳು ಹಿಂದಿನಿಂದ ಕೂಗಿ ಹೇಳಿದಳು.

“ಹೊನ್ನಾಳಿ ಮ್ಯಾಲೆ ಹೋಗಪ್ಪ. ಅಲ್ಲೂ ಹೇಳು, ನ್ಯಾಮತಿಯಾಗೂ ಹೇಳು. ಮೆತ್ತಿದ್ದು ಸರ್ವಮಂಗಳಮ್ಮ ಅಂತ ಹೆಸರು ಹಿಡಿದೇ ಹೇಳು.”