ಹುಸೇನಸಾಬರ ಕೊನೆಯ ಪ್ಯಾದೆ

ಇವತ್ತು ಬೆಳಿಗ್ಗೆ ಓಣಿಯಲ್ಲಿ ನವಸಾಗರದ ಹೊಗೆ ಎದ್ದಿತು. ಕಲಾಯಿ ಹಾಕುವವನೊಬ್ಬ ನಮ್ಮ ಗೇಟಿನ ಪಕ್ಕದಲ್ಲೇ ತಿದಿ ಹೂಡಿ ಕೂತಿದ್ದ. ಹಿತ್ತಾಳೆ ಪಾತ್ರೆಗಳೇ ಅಪರೂಪವಾದ ಈ ಕಾಲದಲ್ಲೂ ನನ್ನ ಹೆಂಡತಿ ಅಟ್ಟದಿಂದ ಐದಾರನ್ನು ಇಳಿಸಿ ಅವನ ಮುಂದೆ ಸುರಿದಳು. ಆ ವಾಸನೆ ನಿಮಗೆ ಗೊತ್ತಿರಬೇಕು, ಮೂಗಿಗೆ ಹತ್ತಿದರೆ ಹಣೆಯವರೆಗೂ ಏರುತ್ತದೆ. ನನ್ನನ್ನು ಅದು ಸೀದಾ ಹುಬ್ಬಳ್ಳಿಯ ದುರ್ಗದಬೈಲಿಗೆ, ಹುಸೇನಸಾಬರ ಅಂಗಡಿಗೆ ಒಯ್ದು ಕೂರಿಸಿತು.

ಇಂಗ್ರೇಜರ ಕಾಲದ ಮಾತು. ನಾನು ಆಗಷ್ಟೇ ಮಾಸ್ತರಿಕೆಗೆ ಸೇರಿದ್ದೆ. ಹುಸೇನಸಾಬರು ಕಲಾಯಿ ಕೆಲಸದವರು. ಶುಕ್ರವಾರ ಮಾತ್ರ ಒಲೆ ಹೊತ್ತಿಸುತ್ತಿರಲಿಲ್ಲ. ಅವತ್ತು ಅಂಗಡಿಯಲ್ಲಿ ಬುದ್ಧಿಬಳದ, ಅಂದರೆ ಚದುರಂಗದ, ಪಟ ಹಾಸುತ್ತಿದ್ದರು. ಅರಿವೆಯ ಮೇಲೆ ಅವರೇ ಹೊಲಿದ ಮನೆಗಳು, ಅಲ್ಲಲ್ಲಿ ಸೊಟ್ಟ. ಸಾಲೆ ಬಿಟ್ಟ ಕೂಡಲೇ ನಾನು ಹಾಜರು. ಆಟ ಕಲಿಸಿದವರೂ ಅವರೇ, ಎಂಟು ತಿಂಗಳು ಬಿಡದೆ ಸೋಲಿಸಿದವರೂ ಅವರೇ.

ಅವರ ಆಟಕ್ಕೆ ಅವರ ಊರಿನ ಕಾಯಿದೆ. ಎದುರಾಳಿಯ ಕಾಯಿಗಳನ್ನೆಲ್ಲ ಹೊಡೆದು ರಾಜನೊಬ್ಬನನ್ನೇ ಉಳಿಸಿದರೆ ಅದು ಬುರ್ಜಿ. ಗೆಲುವೂ ಅಲ್ಲ, ಸೋಲೂ ಅಲ್ಲ. "ರಾಜಾನ ಕೂಡ ಒಬ್ಬನರ ಇರಬೇಕ್ರಿ ಮಾಸ್ತರ್ರ. ಎಲ್ಲಾರ್ನೂ ಕೊಂದು ಗೆಲ್ಲೂದು ಎಂಥಾ ಗೆಲುವ್ರಿ?" ಎನ್ನುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಗೆಲುವೆಂದರೆ ಪ್ಯಾದೆಯಿಂದ, ಬರೀ ಕಾಲಾಳಿನಿಂದ, ರಾಜನನ್ನು ಕಟ್ಟಿಹಾಕಿ ಮಾತ್ ಮಾಡುವುದು. "ನಾ ಕಲಿಸಿದವ್ರು ಒಬ್ರು ನನಗ ಪ್ಯಾದಿಮಾತ್ ಕೊಡಬೇಕ್ರಿ. ಅವತ್ತ ಇಡೀ ಬೈಲಿಗೆ ಚಹಾ ನಂದು." ಮಕ್ಕಳಿಲ್ಲದ ಮನುಷ್ಯ. ಈ ಒಂದು ಆಸೆಯನ್ನು ನನ್ನ ಮೇಲೆ ಇಟ್ಟುಕೊಂಡಿದ್ದರೆಂದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ನಾನು ಪುಣೆಯಿಂದ ಬುದ್ಧಿಬಳದ ಇಂಗ್ಲಿಷ್ ಪುಸ್ತಕವೊಂದನ್ನು ತರಿಸಿದೆ. ಓದಿದ್ದು ಮೂವತ್ತು ಪುಟ, ಏರಿದ ಪಿತ್ತ ಮುನ್ನೂರು ಪುಟದ್ದು.

ಆ ಶುಕ್ರವಾರ ನನ್ನ ಕೈ ಮೇಲಾಯಿತು. ಹುಸೇನಸಾಬರ ರಾಜ ಬಯಲಿಗೆ ಬಿದ್ದು, ಪಟದ ಬಲ ಅಂಚಿಗೆ ಬಂದು ನಿಂತಿದ್ದ. ಅವನ ಹೊರತು ಅವರಿಗೆ ಉಳಿದದ್ದು ಅವನ ಬೆನ್ನ ಹಿಂದಿನ ಮನೆಯಲ್ಲಿದ್ದ ಒಂದೇ ಒಂದು ಪ್ಯಾದೆ. ನನ್ನ ಕಡೆ ರಾಜ, ಆನೆ, ಒಂಟೆ, ಒಂದು ಪ್ಯಾದೆ. ನನ್ನ ಆನೆ, ಒಂಟೆ ಎರಡರ ಕಣ್ಣೂ ಅವರ ಆ ಪ್ಯಾದೆಯ ಮೇಲೆ. ಅಕ್ಕಪಕ್ಕದ ಅಂಗಡಿಯವರೂ ಬಂದು ಬಗ್ಗಿ ನಿಂತಿದ್ದರು. ನಾನು ಆನೆಗೆ ಕೈ ಚಾಚಿದೆ.

"ಗಡಿಬಿಡಿ ಬ್ಯಾಡ್ರಿ," ಎಂದರು ಹುಸೇನಸಾಬರು. "ಇನ್ನೊಮ್ಮೆ ನೋಡ್ರಿ."

ಸೋಲುವವನ ಕುಂಟುನೆಪ ಎಂದುಕೊಂಡೆ. ಆನೆಯಿಂದ ಪ್ಯಾದೆಯನ್ನು ಹೊಡೆದೆ. ರಾಜನಿಗೆ ಶಹ, ಸರಿಯಲು ಮನೆಯಿಲ್ಲ.

"ಬುರ್ಜಿ ಆತಲ್ರಿ," ಎಂದರು ಮೆಲ್ಲಗೆ.

"ಪುಸ್ತಕದಾಗ ಬುರ್ಜಿ ಇಲ್ರಿ ಕಾಕಾ. ಇದು ಮಾತ್." ನಿಂತವರಿಗೆ ಕೇಳಲೆಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಎಂಟು ತಿಂಗಳು ಅವರ ಕಾಯಿದೆಯಲ್ಲಿ ಕಲಿತು, ಗೆಲ್ಲುವ ಹೊತ್ತಿಗೆ ನನ್ನದನ್ನು ತೆಗೆದಿದ್ದೆ. ಅವರು ವಾದಿಸಲಿಲ್ಲ. "ಹಂಗಾರ ನೀವು ಗೆದ್ರಿ," ಎಂದು ಪಟ ಮಡಚಿದರು.

ಎರಡು ದಿನ ನೆಲದ ಮೇಲೆ ಕಾಲಿಡಲಿಲ್ಲ. ಮೂರನೆಯ ದಿನ, ನನ್ನ ಪರಾಕ್ರಮವನ್ನು ನಾನೇ ಇನ್ನೊಮ್ಮೆ ಸವಿಯೋಣವೆಂದು ಮನೆಯಲ್ಲಿ ಆ ಕಾಯಿಗಳನ್ನು ಹಾಗೇ ಹೂಡಿದೆ. ಆಗ ಕಂಡಿತು. ಆನೆಯನ್ನು ಮುಟ್ಟಬೇಕಾಗಿಯೇ ಇರಲಿಲ್ಲ. ನನ್ನ ಬಡ ಪ್ಯಾದೆಯನ್ನು ಒಂದು ಮನೆ ಮುಂದೆ ತಳ್ಳಿದ್ದರೆ ಅದೇ ಮಾತ್, ಅವರು ಬಯಸಿದ್ದ ಪ್ಯಾದಿಮಾತ್. ರಾಜ ಹಿಂದೆ ಸರಿಯೋಣವೆಂದರೆ ಅವನ ಪ್ಯಾದೆಯೇ ದಾರಿಗೆ ಅಡ್ಡ. ಬುರ್ಜಿಯಾಗದೆ ಅವರ ಕಾಯಿದೆಯಲ್ಲೇ ನಾನು ಗೆಲ್ಲಲು ಆ ಪ್ಯಾದೆ ಬದುಕಿರಬೇಕಾಗಿತ್ತು. ಹುಸೇನಸಾಬರಿಗೆ ಅದು ಕಂಡಿತ್ತು. "ಇನ್ನೊಮ್ಮೆ ನೋಡ್ರಿ" ಎಂದದ್ದು ತಾವು ಉಳಿಯಲಿಕ್ಕಲ್ಲ, ನಾನು ಸರಿಯಾಗಿ ಗೆಲ್ಲಲಿ ಎಂದು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬುದ್ಧಿ ಬಂದ ಮೇಲಾದರೂ ಹೋಗಬೇಕಿತ್ತಲ್ಲ? ಹೋಗಲಿಲ್ಲ. ಮೊದಲ ಶುಕ್ರವಾರ ನೆಗಡಿ, ಎರಡನೆಯದಕ್ಕೆ ಪರೀಕ್ಷೆಯ ಪೇಪರು. ಆಮೇಲೆ ಬೈಲನ್ನು ಬಳಸಿ ಬೇರೆ ದಾರಿಯಿಂದ ಸಾಲೆಗೆ ಹೋಗತೊಡಗಿದೆ. ನಾಚಿಕೆ ಎನ್ನಿ, ಸೊಕ್ಕು ಎನ್ನಿ, ಎರಡೂ ಇದ್ದವು.

ವರ್ಷದ ಮೇಲೆ ಕಾಯಿಪಲ್ಲೆ ಸಂತೆಯಲ್ಲಿ ಎದುರಿಗೇ ಸಿಕ್ಕರು. ಸೊರಗಿದ್ದರು, ಕೆಮ್ಮುತ್ತಿದ್ದರು. ದೂರಲಿಲ್ಲ. "ಮಾಸ್ತರ್ರ, ಆ ಆಟ ಮತ್ತೊಮ್ಮೆ ಹೂಡಿ ನೋಡಿದ್ರೇನ್ರಿ?" ಎಂದಷ್ಟೇ ಕೇಳಿದರು.

"ಇಲ್ರಿ ಕಾಕಾ, ಪುರಸತ್ತ ಆಗಿಲ್ಲ," ಎಂದೆ.

"ನೋಡ್ರಿ. ಛಲೋ ಆಟ ಅದು." ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಚೀಲ ಎತ್ತಿಕೊಂಡು ಹೋದರು. ಆ ಬೇಸಿಗೆಯಲ್ಲೇ ತೀರಿಕೊಂಡರಂತೆ. ನನಗೆ ತಿಳಿದದ್ದು ಮಳೆಗಾಲದಲ್ಲಿ.

ಇಷ್ಟಾದರೂ, ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಹೇಳಿದ ನನ್ನ ಸಾಹಸಗಳಲ್ಲಿ ಇದೇ ಮೊದಲನೆಯದು. ಅವಳು ಮರೆತಿಲ್ಲ. ಇವತ್ತು ಹೊರಗೆ ಕಲಾಯಿಯವನಿಗೆ ಹೇಳುತ್ತಿದ್ದಳು: "ನಮ್ಮ ಮನಿಯವರೇನ್ ಸಣ್ಣವರಲ್ಲಪಾ, ದುರ್ಗದಬೈಲ್ ಹುಸೇನಸಾಬರ್ನ ಬುದ್ಧಿಬಳದಾಗ ಸೋಲಿಸ್ಯಾರ."

ನಾನು ಬಾಗಿಲಿಗೆ ಬಂದು, "ಸೋಲಿಸಿಲ್ಲ. ಅದು ಬುರ್ಜಿ ಆಗಿತ್ತು," ಎಂದೆ.

ಇಬ್ಬರೂ ನನ್ನ ಮುಖ ನೋಡಿದರು. ಇದನ್ನು ಹುಸೇನಸಾಬರಿಗೆ ಹೇಳಲು ಆಗ ನಾನು ಅರ್ಧ ಮೈಲು ನಡೆದಿದ್ದರೆ ಸಾಕಾಗಿತ್ತು.