ಹರಿದು ಹಾಕಿದ ಸಲಹೆಯ ಹಾಳೆ

ಇದನ್ನು ಹೇಳುವುದನ್ನು ಎಷ್ಟೋ ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಮೊನ್ನೆ ಮಧ್ಯಾಹ್ನ ಪೀಣ್ಯದ ಗೋದಾಮೊಂದರ ಚಾವಣಿಯ ಕೆಳಗೆ ನಿಂತಿದ್ದಾಗ ಕಾದ ತಗಡಿನ ವಾಸನೆ ಮೂಗಿಗೆ ಬಡಿಯಿತು. ಇನ್ನು ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

ಮಾಕಳಿ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಆಗ ನಾನು ಶಾಲಾ ಸಮಿತಿಯ ಅಧ್ಯಕ್ಷ. ಓದಿದ್ದು ಎಸ್ಸೆಸ್ಸೆಲ್ಸಿ, ಗತ್ತು ಮಾತ್ರ ಮಂತ್ರಿಯದು. ಹೊರದೇಶದ ನೆರವಿನ ಸಂಸ್ಥೆಯೊಂದು ಹಳೆಯ ಹೆಂಚಿನ ಶಾಲೆ ಕೆಡವಿ ಹೊಸದು ಕಟ್ಟಿಸಿಕೊಡಲು ಬಂದಿತ್ತು. ನಕ್ಷೆಯೂ ಅಲ್ಲಿಂದಲೇ ಸಿದ್ಧವಾಗಿ ಬಂದಿತ್ತು. ಕಡಿದಾದ ತಗಡಿನ ಚಾವಣಿ, ಗೇಣಗಲದ ಕಿಟಕಿ, ಜಗಲಿಯೇ ಇಲ್ಲ.

ಹೆಡ್ ಮೇಡಂ ನಕ್ಷೆ ನೋಡಿ ಸಂಸ್ಥೆಯ ಇಂಜಿನಿಯರನ್ನು ಕೇಳಿದರು, “ಯಾಕೆ ಸಾರ್ ಇಷ್ಟು ಇಳಿಜಾರು?”

“ಹಿಮ ಜಾರ್ಬೇಕಲ್ಲ ಮೇಡಂ. ಎಲ್ಲಾ ದೇಶಕ್ಕೂ ಒಂದೇ ಮಾಡೆಲ್.”

“ಓ… ನಮ್ಮೂರಲ್ಲಿ ಹಿಮ ಬೀಳೋ ದಿನ ಮುಂಚೇನೇ ಹೇಳ್ಬಿಡಿ. ಮಕ್ಕಳಿಗೆ ಸ್ವೆಟರ್ ಹಾಕ್ಕೊಂಡ್ ಬನ್ನಿ ಅಂತೀನಿ.”

ನಾನು ನಕ್ಕೆ. ಅವರು ನಗಲಿಲ್ಲ. ಒಪ್ಪಿಗೆ ಪತ್ರದ ಜೊತೆಗಿದ್ದ ‘ಫಲಾನುಭವಿಗಳ ಸಲಹೆ’ ಎಂಬ ಹಾಳೆಯಲ್ಲಿ ದುಂಡಗೆ ಬರೆದರು: ತಗಡು ಬೇಡ, ಹೆಂಚು ಬೇಕು. ಕಿಟಕಿ ದೊಡ್ಡದಿರಲಿ. ಜಗಲಿ ಬೇಕೇ ಬೇಕು. ಸಹಿ ಮಾಡಿ ನನ್ನ ಕೈಗೆ ಕೊಟ್ಟು ಪಾಠಕ್ಕೆ ಹೋದರು.

ಇಂಜಿನಿಯರ್ ಹತ್ತಿರ ಸರಿದ. “ಅಧ್ಯಕ್ಷ್ರೇ, ಸಲಹೆ ಇದ್ರೆ ಫೈಲು ವಾಪಸ್ ಆ ದೇಶಕ್ಕೋಗುತ್ತೆ. ಅಷ್ಟ್ರಲ್ಲಿ ಬಿಲ್ಡಿಂಗು ಪಕ್ಕದೂರಿನ ಪಾಲು.”

ಉದ್ಘಾಟನೆಯ ಕಲ್ಲಿನ ಮೇಲೆ ನನ್ನ ಹೆಸರಿಲ್ಲದೆ ಹೋಗುತ್ತದಲ್ಲ ಎಂದು ನನಗೆ ಚಿಂತೆಯಾಯಿತು. ಹಾಳೆ ಹರಿದೆ. ಇನ್ನೊಂದರಲ್ಲಿ ಬರೆದೆ: ‘ಸಲಹೆ ಏನೂ ಇಲ್ಲ.’

ದಾನಿಗಳು ಜನವರಿಯ ತಂಪಿನಲ್ಲಿ ಬಂದು ಮಕ್ಕಳನ್ನು ತಬ್ಬಿ ಫೋಟೊ ತೆಗೆಸಿಕೊಂಡು ಹೋದರು. ಮಾರ್ಚಿನಲ್ಲಿ ಕೋಣೆ ಒಲೆಯಾಯಿತು. ಬೆವರು, ಕಾದ ತಗಡು… ಒಂದೇ ವಾರದಲ್ಲಿ ಮೂರು ಮಕ್ಕಳಿಗೆ ಮೂಗಿನಲ್ಲಿ ರಕ್ತ ಬಂತು. ಹೆಡ್ ಮೇಡಂ ಕೋಣೆಗೆ ಬೀಗ ಹಾಕಿ ಹೊಂಗೆ ಮರದಡಿ ಪಾಠ ಶುರು ಮಾಡಿದರು.

ಸಂಸ್ಥೆಯವರು ಬೀಗ ನೋಡಿ ಕೆರಳಿದರು. ಕೊಟ್ಟಿದ್ದನ್ನು ಬಳಸುವುದಿಲ್ಲವೇ ಎಂದು ಕೇಳಿದರು. ಥೂ! ಒಬ್ಬರಾದರೂ ಒಳಗೆ ಕಾಲು ಗಂಟೆ ಕೂತು ನೋಡಲಿಲ್ಲ. ಎಲ್ಲೋ ಚಳಿಯಲ್ಲಿ ಕೂತು ನಮ್ಮ ಮಕ್ಕಳ ನೆತ್ತಿಯ ಮೇಲೆ ತಗಡು ಎಳೆದವರಿಗೆ ಕೃತಜ್ಞತೆ ಬೇಕಿತ್ತು. ಅವರ ಮೇಲಿನ ಸಿಟ್ಟು ಇಂದಿಗೂ ಆರಿಲ್ಲ. ಆದರೆ ಹಾಳೆ ಹರಿದ ಕೈ ಅವರದಲ್ಲ.

ಜೊತೆಗೆ ಬಂದಿದ್ದ ಶಿಕ್ಷಣ ಇಲಾಖೆಯ ಅಧಿಕಾರಿ ಫೈಲು ತೆರೆದು ತೋರಿಸಿದರು. “ಸಲಹೆ ಏನೂ ಇಲ್ಲ ಅಂತ ಇಲ್ಲೇ ಇದೆಯಲ್ಲಮ್ಮ. ಈಗೇನ್ರೀ ನಿಮ್ಮ ಹಟ?”

ಹೆಡ್ ಮೇಡಂ ನನ್ನ ಕಡೆ ತಿರುಗಿದರು. “ಅಧ್ಯಕ್ಷ್ರೇ, ನಾನು ಬರೆದ ಹಾಳೆ?”

“ಯಾವ ಹಾಳೆ ಮೇಡಂ?” ಎಂದೆ.

ಅವರು ಹೊಂಗೆ ಮರದಡಿಯ ಪಾಠಕ್ಕೆ ಮರಳಿದರು. ತಿಂಗಳೊಳಗೆ ವರ್ಗವಾಯಿತು, ಎಲ್ಲಿಗೋ ದೂರಕ್ಕೆ. ಬಸ್ಸಿನವರೆಗೂ ಮಕ್ಕಳು ಹಿಂದೆ ಹೋದರು. ನಾನು ಮನೆಯೊಳಗಿದ್ದೆ…

ಈಗ ಆ ಕಟ್ಟಡದಲ್ಲಿ ಮುರಿದ ಬೆಂಚು ತುಂಬಿದ್ದಾರೆ. ಗೋಡೆಯ ಕಲ್ಲಿನಲ್ಲಿ ನನ್ನ ಹೆಸರು ಚೆನ್ನಾಗಿಯೇ ಉಳಿದಿದೆ. ಹೆಡ್ ಮೇಡಂ ಹೋದ ವರ್ಷ ತೀರಿಕೊಂಡರಂತೆ. ಯಾವ ಕಲ್ಲಿನಲ್ಲೂ ಇಲ್ಲದ ಅವರ ಹೆಸರನ್ನು, ಆ ಹಾಳೆಯ ಕೆಳಗೆ ಇದ್ದ ಹಾಗೆಯೇ, ಇಲ್ಲಿ ಬರೆಯುತ್ತಿದ್ದೇನೆ:

ಟಿ. ಸುಶೀಲಮ್ಮ, ಮುಖ್ಯ ಶಿಕ್ಷಕಿ.