ಬದಿಗೆ ಸರಿಸಿದ ಬುಟ್ಟಿ

ಸೋಪು ಕೊಳ್ಳಲು ಹೋಗಿ ಸೋಪಿಲ್ಲದೆ ಮನೆಗೆ ಬಂದವಳು ನಾನು. ಶಿರಸಿಯಲ್ಲೂ ಈಗ ನಾವೇ ಕೈಯಾರೆ ತೆಗೆದುಕೊಳ್ಳುವ ದೊಡ್ಡ ಅಂಗಡಿಗಳು ಬಂದಿವೆಯಲ್ಲ, ಅಂಥದೊಂದರಲ್ಲಿ ಸೋಪಿನ ಕಪಾಟಿನ ಮುಂದೆ ನಿಂತೆ. ಗಂಧದ್ದು, ಗುಲಾಬಿಯದು, ಬೇವಿನದು, ಅರಿಸಿನದ್ದು, ಹಾಲಿನ ಕೆನೆಯದು, ಇದ್ದಿಲಿನದು. ಇದ್ದಿಲು ತಿಕ್ಕಿಕೊಂಡರೆ ಬೆಳ್ಳಗಾಗುತ್ತೇವಂತೆ. ಒಂದನ್ನು ಎತ್ತಿದರೆ ಪಕ್ಕದ್ದು ನೋಡಿ ನಗುವಂತೆ ಕಾಣುತ್ತಿತ್ತು. ಎತ್ತಿದ್ದನ್ನೆಲ್ಲ ಮತ್ತೆ ಅಲ್ಲೇ ಇಟ್ಟೆ. ಅಂಗಡಿಯ ಹುಡುಗಿ "ಏನ್ ಬೇಕಿತ್ತು ಆಂಟಿ?" ಎಂದದ್ದೇ ತಡ, ಕೈಗೆ ಸಿಕ್ಕ ಹರಳುಪ್ಪಿನ ಚೀಲ ಹಿಡಿದು ಹೊರಬಿದ್ದೆ. ಉಪ್ಪು ಮನೆಯಲ್ಲಿ ಬೇಕಾದಷ್ಟಿತ್ತು.

ನಮ್ಮ ಮನೆಯವರು ತೀರಿಕೊಂಡ ಮೇಲೆ ಹೀಗಾಗಿದೆ. ಅವರು ಪೇಟೆಯಲ್ಲಿ ಟೇಲರ್ ಆಗಿದ್ದರು. ಅಂಗಡಿಯಲ್ಲಿ ಡಬ್ಬಿಗಟ್ಟಲೆ ಗುಂಡಿಗಳಿದ್ದರೂ ಗಿರಾಕಿಯ ಮುಂದೆ ಇಡುತ್ತಿದ್ದದ್ದು ಮೂರೇ ಬಗೆ. "ಡಬ್ಬಿ ಸುರಿದರೆ ಅವ ನಾಳೆ ಬತ್ತೆ ಹೇಳಿ ಹೋಗ್ತ, ಗುಂಡಿಯಿಲ್ಲದ ಅಂಗಿ ನನ್ನ ಕುತ್ತಿಗೆಗೆ ಬೀಳ್ತು" ಎನ್ನುತ್ತಿದ್ದರು. ನನಗೂ ಅದೇ ಉಪಚಾರ. ಸೀರೆಯಂಗಡಿಯಲ್ಲಿ ಗುಡ್ಡೆ ಬಿದ್ದ ಸೀರೆಗಳಲ್ಲಿ ಮೂರನ್ನು ಎಳೆದು ನನ್ನ ಮಡಿಲಿಗೆ ಹಾಕುತ್ತಿದ್ದರು. ಅದರಲ್ಲೊಂದನ್ನು ನಾನು ಹಿಡಿಯುತ್ತಿದ್ದೆ. ಆರಿಸಿದವಳು ನಾನೇ ಎಂಬ ಹೆಮ್ಮೆಯಲ್ಲಿ ಮನೆಗೆ ಬರುತ್ತಿದ್ದೆ.

ಸೋಪಿನ ಕಥೆಯನ್ನು ಸುಮಳಿಗೆ ಫೋನಿನಲ್ಲಿ ಹೇಳಿದೆ. ಸುಮ ನನ್ನ ಅಣ್ಣನ ಮಗಳು, ಯಲ್ಲಾಪುರದಲ್ಲಿ ಕಾಲೇಜು ಮಕ್ಕಳಿಗೆ ಅರ್ಥಶಾಸ್ತ್ರ ಕಲಿಸುತ್ತಾಳೆ. ನಾನು ಹತ್ತನೇ ತರಗತಿಗೇ ನಿಲ್ಲಿಸಿದವಳು. ಆದರೂ ಅವಳು ನನಗೆ ಪಾಠ ಮಾಡುವುದನ್ನು ಬಿಟ್ಟಿಲ್ಲ.

"ಅತ್ತೆ, ನಿಂಗೆ ಎಂತದೂ ಆಯ್ದಿಲ್ಲೆ. ಎಲ್ಲರೂ ಹಾಂಗೇಯ. ಇದ್ದಿದ್ದನ್ನೆಲ್ಲ ತೂಗಿ ನೋಡಿ ಯಾರೂ ಆರಿಸ್ತ್ವಿಲ್ಲೆ. ಮೊದ್ಲು ಒಂದು ಜರಡಿ ಹಿಡಿತ, ಉಳಿದಿದ್ರಲ್ಲಿ ಒಂದು ಎತ್ಕತ್ತ. ಮಾವ ನಿಂಗೆ ಜರಡಿ ಆಗಿದ್ದಿದ್ದ, ಅಷ್ಟೇಯ."

ಇದನ್ನು ಪಂಡಿತರು ಲೆಕ್ಕ ಹಾಕಿ, ಗೆರೆ ಎಳೆದು ತೋರಿಸುತ್ತಾರಂತೆ. ಇನ್ನೊಂದು ಎಚ್ಚರಿಕೆಯನ್ನೂ ಹೇಳಿದಳು: "ಬಿಟ್ಟಿದ್ದನ್ನ ನೋಡಿ ಇಷ್ಟ ಇಲ್ಲೆ ಹೇಳಿ ತಿಳ್ಕಂಬಲಾಗ. ಅದು ಬೇರೆ ಯಾವ್ದೋ ಕಾರಣಕ್ಕೆ ಮೊದ್ಲೇ ಜರಡಿಯಿಂದ ಆಚೆ ಬಿದ್ದಿರ್ತು."

ಕಾಲೇಜಿನ ಮಾತು ಎಂದುಕೊಂಡು ಫೋನ್ ಇಟ್ಟೆ. ನನ್ನ ಚಿಂತೆ ಬೇರೆಯೇ ಇತ್ತು. ಅಪ್ಪೆಮಿಡಿಯ ಕಾಲ ಬಂದಿತ್ತು.

ಉಪ್ಪಿನಕಾಯಿಗೆ ಮಾವಿನ ಮಿಡಿ ಕೊಳ್ಳುವುದು ಸೋಪು ಕೊಂಡಂತಲ್ಲ. ಬೇಡವಾದ ಸೋಪನ್ನು ಬಟ್ಟೆಗೆ ಹಾಕಬಹುದು. ಮಿಡಿ ತಪ್ಪಿದರೆ ಭರಣಿಗೆ ಭರಣಿಯೇ ಕೊಳೆತು ವರ್ಷವಿಡೀ ಬಾಯಿ ಸಪ್ಪೆ. ಹಳೆಯ ಭರಣಿಯಲ್ಲಿ ಅವರು ಸೋಸಿ ತಂದ ಮಿಡಿ ತಳ ಕಂಡಿತ್ತು. ಅದು ಮುಗಿದರೆ ಅವರ ಕೈ ಸೋಕಿದ ಊಟವೂ ಮುಗಿದಂತೆ. ಹೊಸದನ್ನು ನಾನೊಬ್ಬಳೇ ತರಬೇಕು, ಅದು ಕೆಡಬಾರದು. ಈ ಯೋಚನೆಯಲ್ಲಿ ನಿದ್ದೆ ಕೆಟ್ಟಿತು. ಮಿಡಿ ಪೇಟೆಗೆ ಬರುವುದು ಕೆಲವೇ ದಿನ, ನಾಳೆ ಎನ್ನುವ ಹಾಗೂ ಇರಲಿಲ್ಲ.

ಮಾರುಕಟ್ಟೆಯಲ್ಲಿ ತ್ಯಾಗಲಿ ಊರ ಕಡೆಯಿಂದ ಮಿಡಿ ತರುವ ಗೌರಕ್ಕನ ಮುಂದೆ ನಿಂತೆ. ಒಂದೊಂದು ಬುಟ್ಟಿ ಒಂದೊಂದು ಮರದ್ದು. ಒಂದರ ತೊಟ್ಟು ಮುರಿದು ಸೊನೆ ಮೂಸಿದೆ, ಚೆನ್ನಾಗಿತ್ತು. ಇನ್ನೊಂದು ಮೂಸಿದೆ, ಅದೂ ಚೆನ್ನಾಗಿತ್ತು. ಆಮೇಲೆ ಮೂಗು ಯಾವುದಕ್ಕೂ ಬೇಡ ಎನ್ನಲಿಲ್ಲ. ಕೊನೆಗೆ ಸುಲಭದ ದಾರಿ ಹೊಳೆಯಿತು. ಎಲ್ಲ ಬುಟ್ಟಿಯಿಂದಲೂ ಒಂದಿಷ್ಟೊಂದಿಷ್ಟು ಬಾಚಿ ಚೀಲಕ್ಕೆ ತುಂಬತೊಡಗಿದೆ.

"ಅಯ್ಯಯ್ಯೋ, ಎಂತ ಮಾಡ್ತಿದ್ರಿ ಅಮ್ಮಾ?" ಗೌರಕ್ಕ ಚೀಲದ ಬಾಯಿ ಹಿಡಿದಳು. "ಎಲ್ಲ ಮರದ್ದೂ ಒಂದೇ ಭರಣೀಲಿ ಹಾಕ್ತ್ರಾ? ಒಂದು ಮೆತ್ತಗಾದ್ರೆ ಉಳಿದಿದ್ದನ್ನೂ ಕರ್ಕಂಡು ಹೋತದೆ. ಇದು ಉಪ್ಪಿನಕಾಯೋ, ಮದುವೆ ದಿಬ್ಬಣವೋ?"

ಗೊತ್ತಿಲ್ಲದ್ದೇನಲ್ಲ. ಎಷ್ಟು ವರ್ಷದಿಂದ ಮಿಡಿ ಉಪ್ಪಿಗೆ ಹಾಕಿದವಳು ನಾನು! ಆರಿಸುವುದಕ್ಕೆ ಹೆದರಿದರೆ ಗೊತ್ತಿದ್ದದ್ದೂ ಮರೆಯುತ್ತದೆ ಎಂದು ಕಾಣುತ್ತದೆ. ಕಣ್ಣು ತುಂಬಿ ಬಂತು. ಅವಳ ದನಿ ಇಳಿಯಿತು.

"ಟೇಲರ್ ಸಾಹೇಬ್ರು ಇದ್ದಿದ್ರೆ ಇಷ್ಟೊತ್ತಿಗೆ ಜೀರಿಗೆ ಬುಟ್ಟಿ ಬದಿಗೆ ತಳ್ಳಿ ಆಗ್ತಿತ್ತು."

ಜೀರಿಗೆಯ ಪರಿಮಳ ಬರುವ ಮಿಡಿ ಅದು. ಊರವರೆಲ್ಲ ಮುಗಿಬೀಳುತ್ತಾರೆ. ನಮ್ಮ ಮನೆಗೆ ಮಾತ್ರ ಬಂದದ್ದೇ ಇಲ್ಲ. "ಅವರಿಗೆ ಆ ವಾಸನೆ ಆಗ್ತಿರಲಿಲ್ಲ" ಎಂದೆ.

ಗೌರಕ್ಕ ಗಟ್ಟಿಯಾಗಿ ನಕ್ಕಳು. "ಆಗ್ತಿರ್ಲಿಲ್ವಾ? ನೀವು ಕೊತ್ತಂಬರಿ ತರೂಕೆ ಆಚೆ ಹೋದ್ರೆ ಒಂದು ಮಿಡಿ ಮೂಗಿಗೆ ಹಿಡ್ಕಂಡು ಕಣ್ಣು ಮುಚ್ಕಂಡೇ ನಿಲ್ತಿದ್ರು. ನೀವು ಬರೂದು ಕಂಡ ಕೂಡ್ಲೆ ಬುಟ್ಟಿಗೆ ಹಾಕಿ, ಮನೇಲಿ ಅವಳಿಗೆ ತಲೆನೋವು ಬತ್ತದೆ ಗೌರಕ್ಕ, ಬ್ಯಾಡ ಅಂತಿದ್ರು."

ಮದುವೆಯಾದ ಹೊಸತರಲ್ಲಿ ಯಾರದೋ ಮನೆಯ ಊಟದಲ್ಲಿ ಆ ಉಪ್ಪಿನಕಾಯಿ ಮೂಸಿ ತಲೆ ಸಿಡಿಯುತ್ತಿದೆ ಎಂದಿದ್ದೆನಂತೆ, ಅವರೇ ಗೌರಕ್ಕನಿಗೆ ಹೇಳಿದ್ದು. ನನಗದು ನೆನಪಿಲ್ಲ. ಜರಡಿಗೆ ನೆನಪಿತ್ತು.

ಚೀಲ ಬರಿದು ಮಾಡಿ ಜೀರಿಗೆ ಮಿಡಿಯನ್ನಷ್ಟೇ ತುಂಬಿಸಿಕೊಂಡೆ. ಮನೆಗೆ ಬಂದು ತೊಳೆದು, ಒರೆಸಿ, ಭರಣಿಗೆ ಹಾಕಿ, ಅಂದು ಅಂಗಡಿಯಿಂದ ಓಡಿಬರುವಾಗ ತಂದ ಉಪ್ಪನ್ನೇ ಸುರಿದೆ. ಸಂಜೆಯ ಹೊತ್ತಿಗೆ ತಲೆ ಸಿಡಿಯತೊಡಗಿತು. ಹಣೆಗೆ ಪಟ್ಟಿ ಕಟ್ಟಿಕೊಂಡು ಭರಣಿಯ ಪಕ್ಕದಲ್ಲೇ ಕುಳಿತೆ.

ಮೊನ್ನೆ ಮತ್ತೆ ಸೋಪಿನ ಕಪಾಟಿಗೆ ಹೋದೆ. ಅವರಿಗೆ ಆಗದ್ದನ್ನು ಮೊದಲು ಕಳೆದರೆ ಸುಲಭವಾದೀತು ಎಂಬ ಉಪಾಯ ಹೂಡಿದ್ದೆ. ಗುಲಾಬಿಯದನ್ನು ಬದಿಗೆ ಸರಿಸಿದೆ. ಸರಿಸಿದ ಕೈ ಅಲ್ಲೇ ನಿಂತಿತು. ಗುಲಾಬಿ ಅವರಿಗೆ ಆಗುತ್ತಿರಲಿಲ್ಲವೋ, ನನಗೆ ಆಗುವುದಿಲ್ಲ ಎಂದು ಬಿಟ್ಟಿದ್ದರೋ? ಅವರು ಹಾಗಲಕಾಯಿ ಬೇಡ ಎಂದದ್ದು ಯಾರಿಗಾಗಿ? ಬಸ್ಸಿನಲ್ಲಿ ಕಿಟಕಿಯ ಸೀಟು ಬೇಡ, ಗಾಳಿ ಹೊಡೆಯುತ್ತದೆ ಎಂದದ್ದು?

ಕೇಳೋಣವೆಂದರೆ ಅವರಿಲ್ಲ. ಗುಲಾಬಿ ಸೋಪನ್ನೇ ತಂದಿದ್ದೇನೆ. ಭರಣಿಯ ಮುಚ್ಚಳ ತೆಗೆದು ದಿನಾ ಹೆದರುತ್ತಲೇ ಒಂದು ಮಿಡಿ ಒತ್ತಿ ನೋಡುತ್ತೇನೆ. ಇನ್ನೂ ಗಟ್ಟಿಯಿದೆ. ತಲೆ ಮಾತ್ರ ದಿನವೂ ನೋಯುತ್ತದೆ, ಆದರೂ ಮುಚ್ಚಳ ಹಾಕಲು ಮನಸ್ಸಾಗುವುದಿಲ್ಲ.